ಕಲ್ಲು ಇಲ್ಲಿ, ಕ್ಲಾಸು ಅಲ್ಲಿ: ಜಿಯಾಲಜಿ ಮೇಷ್ಟ್ರುಗಳ ಪ್ರಶ್ನೆಗೆ ಉತ್ತರ

ಹೋದ ಸಂಚಿಕೆಲಿ ಆನ್‌ಲೈನ್ ಪಾಠದ ಬಗ್ಗೆ ಸುಮ್ನೆ ಎರಡು ಸಾಲು ಬರೆದಿದ್ದೆ, ಅದಕ್ಕೆ ಭೂವಿಜ್ಞಾನದ ಮೇಷ್ಟ್ರುಗಳಿಂದಾನೇ ಇಷ್ಟು ಪತ್ರ ಬರತ್ತೆ ಅಂತ ಅನ್ಕೊಂಡಿರ್ಲಿಲ್ಲ. ನಾನೂ ಅದೇ ಕಸುಬಿನಲ್ಲಿ ಇದ್ದವನು, ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದ್ದೀನಿ, ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಹದಿನೆಂಟು ವರ್ಷದಿಂದ ಡಿಗ್ರಿ ಹುಡುಗರಿಗೆ ಜಿಯಾಲಜಿ ಹೇಳ್ತಿದ್ದೀನಿ. ಈಗ ನಮ್ಮ ಎರಡು ಪೇಪರ್ ಪೂರ್ತಿ ಆನ್‌ಲೈನ್ ಆಗ್ತಿದೆ. ತರಬೇತಿ ಅಂತ ಮೂರು ವೆಬಿನಾರ್ ಅಟೆಂಡ್ ಮಾಡ್ದೆ, ಮೂರು ಸರ್ಟಿಫಿಕೇಟ್ ಬಂತು, ಯಾವ ಬಟನ್ ಒತ್ತಿದ್ರೆ ಏನಾಗತ್ತೆ ಅನ್ನೋದು ಬಿಟ್ರೆ ಏನೂ ಗೊತ್ತಾಗ್ಲಿಲ್ಲ. ನಮ್ಮ ಸಬ್ಜೆಕ್ಟ್‌ಗೇ ಅಂತ ಸರಿಯಾದ ಟ್ರೈನಿಂಗ್ ಎಲ್ಲಾದ್ರೂ ಇದ್ಯಾ ಸರ್?

ಇದೆ ಸರ್, ಚೆನ್ನಾಗೇ ಇದೆ. ಆದ್ರೆ ನೀವು ಹುಡುಕ್ತಿರೋ ಜಾಗ ತಪ್ಪು. ಆ ವೆಬಿನಾರ್‌ಗಳು ಇಂಗ್ಲಿಷ್ ಮೇಷ್ಟ್ರಿಗೂ ಕಾಮರ್ಸ್ ಮೇಷ್ಟ್ರಿಗೂ ನಿಮಗೂ ಒಂದೇ ಪಾಠ ಹೇಳ್ತವೆ, ಅವರಿಗೆ ನಿಮ್ಮ ಟೇಬಲ್ ಮೇಲೆ ಒಂದು ಕಲ್ಲಿದೆ ಅನ್ನೋದೇ ಗೊತ್ತಿರಲ್ಲ.

ಮೊದಲು ನೋಡ್ಬೇಕಾಗಿರೋದು ಅಮೆರಿಕದ ಮಿನ್ನೆಸೋಟದ ಕಾರ್ಲ್‌ಟನ್ ಕಾಲೇಜಲ್ಲಿರೋ ಸರ್ಕ್ ಅನ್ನೋ ಕೇಂದ್ರ. ವಿಜ್ಞಾನ ಬೋಧನೆಗೇ ಮೀಸಲಾದದ್ದು, ಅದರಲ್ಲೂ ಭೂವಿಜ್ಞಾನದ್ದೇ ದೊಡ್ಡ ಪಾಲು. ಅಲ್ಲಿ 2002ರಲ್ಲಿ ಶುರುವಾದ 'ಆನ್ ದ ಕಟಿಂಗ್ ಎಡ್ಜ್' ಅಂತ ಮೇಷ್ಟ್ರುಗಳ ವರ್ಕ್‌ಶಾಪ್ ಸರಣಿ ಇದೆ, ಈಗ ಅದನ್ನ ನಡೆಸ್ತಿರೋದು ಎನ್‌ಎಜಿಟಿ, ಅಂದ್ರೆ 1938ರಿಂದ ಇರೋ ಅಲ್ಲಿನ ಭೂವಿಜ್ಞಾನ ಶಿಕ್ಷಕರ ಸಂಘ. ಕೊರೋನಾ ಬರೋಕೆ ಎಷ್ಟೋ ವರ್ಷ ಮುಂಚೆನೇ ಇವರು ಜಿಯಾಲಜಿನ ಆನ್‌ಲೈನಲ್ಲಿ ಹೇಳೋದು ಹೇಗೆ ಅಂತ ತಲೆ ಕೆಡಿಸ್ಕೊಂಡಿದ್ರು. ಇದರ ಒಳ್ಳೇ ಗುಣ ಏನಪ್ಪಾ ಅಂದ್ರೆ ವರ್ಕ್‌ಶಾಪಿಗೆ ಬಂದ ಮೇಷ್ಟ್ರುಗಳು ತಮ್ಮದೇ ಒಂದು ಚಟುವಟಿಕೆ ಬರ್ದು ತರ್ತಾರೆ, ಬೇರೆಯವರು ಅದನ್ನ ಓದಿ ಇಲ್ಲಿ ಹುಡುಗ್ರು ಎಡವ್ತಾರೆ ಇಲ್ಲಿ ಬೋರ್ ಆಗತ್ತೆ ಅಂತ ಹೇಳ್ತಾರೆ, ತಿದ್ದಿದ ಮೇಲೆ ಅದು ಎಲ್ಲರಿಗೂ ಸಿಗೋ ಹಾಗೆ ಸಂಗ್ರಹಕ್ಕೆ ಸೇರತ್ತೆ. ಹಾಗಾಗಿ ನೀವು ಯಾವ ವರ್ಕ್‌ಶಾಪಿಗೂ ಹೋಗದೇ ಇದ್ರೂ ಆ ಸಂಗ್ರಹ ಓದೋದೇ ಒಂದು ಟ್ರೈನಿಂಗ್. ಖನಿಜಶಾಸ್ತ್ರಕ್ಕೆ ಬೇರೆ, ಸ್ಟ್ರಕ್ಚರಲ್ ಜಿಯಾಲಜಿಗೆ ಬೇರೆ, ಸೆಡಿಮೆಂಟಾಲಜಿಗೆ ಬೇರೆ ಅಂತ ವಿಂಗಡಿಸಿ ಇಟ್ಟಿದ್ದಾರೆ.

ಇದೇ ಬಳಗ 2015ರಿಂದ 'ಅರ್ಥ್ ಎಜುಕೇಟರ್ಸ್ ರಾಂಡೆವೂ' ಅಂತ ಬೇಸಿಗೆ ಸಮಾವೇಶ ನಡೆಸ್ತಿದೆ. ಅರ್ಜಿ ಹಾಕೋಕೆ ಮುಂಚೆ ಆ ವರ್ಷ ಯಾವ್ಯಾವ ಸೆಷನ್‌ಗೆ ದೂರದಿಂದ ಸೇರ್ಕೋಬಹುದು, ನಿಮ್ಮ ಗಡಿಯಾರದಲ್ಲಿ ಅದು ಎಷ್ಟು ಗಂಟೆಗೆ ಬೀಳತ್ತೆ ನೋಡ್ಕೊಳ್ಳಿ, ರಾತ್ರಿ ಎರಡು ಗಂಟೆಗೆ ಕಣ್ಣುಜ್ಜಿಕೊಂಡು ಗ್ರೂಪ್ ಡಿಸ್ಕಷನ್ ಮಾಡೋದು ಯಾರಿಗೂ ಬೇಡ.

ಭೂಕಂಪ, ಜಿಪಿಎಸ್, ಪ್ಲೇಟುಗಳ ಚಲನೆ ಇಂಥದ್ದು ಹೇಳೋರಾದ್ರೆ ಅರ್ಥ್‌ಸ್ಕೋಪ್ ಕನ್ಸಾರ್ಷಿಯಂ ಕಡೆ ನೋಡಿ. ಮುಂಚೆ ಐರಿಸ್, ಯೂನವ್ಕೋ ಅಂತ ಎರಡು ಸಂಸ್ಥೆ ಇದ್ವಲ್ಲ, 2023ರಲ್ಲಿ ಎರಡೂ ಸೇರಿ ಇದಾಗಿದೆ. ನಿಜವಾದ ಸೈಸ್ಮೋಗ್ರಾಂ (ನೆಲ ಅಲುಗಿದ್ದನ್ನ ಗೆರೆಯಾಗಿ ತೋರ್ಸೋ ದಾಖಲೆ), ಅನಿಮೇಷನ್, ಮೇಷ್ಟ್ರಿಗೆ ಗೈಡ್, ಎಲ್ಲಾ ಅಲ್ಲಿ ಸಿಗತ್ತೆ.

ಇನ್ನು ಯಾವ ಕೋರ್ಸ್ ಸೇರ್ಬೇಕು ಯಾವುದು ಬಿಡ್ಬೇಕು ಅಂತ ನನ್ನ ಅಳತೆಗೋಲು ಕೇಳಿದ್ರೆ, ಎರಡೇ ವಿಷಯ ನೋಡ್ತೀನಿ. ಅಲ್ಲಿ ನೀವು ಸ್ಟೂಡೆಂಟ್ ಆಗಿ ಕೂತು ಕಲೀಬೇಕಾ, ಮತ್ತೆ ಮುಗಿಯೋ ಹೊತ್ತಿಗೆ ನಿಮ್ಮ ಕೈಲಿ ಸೋಮವಾರದ ಕ್ಲಾಸಿಗೆ ಆಗೋ ಒಂದು ಲ್ಯಾಬ್ ಇರತ್ತಾ. ಎರಡೂ ಇಲ್ಲ ಅಂದ್ರೆ ಬಿಡಿ. ನಾನು ಮೊದಲನೇ ಸಲ ಒಂದು ಆನ್‌ಲೈನ್ ಕೋರ್ಸಿಗೆ ಸ್ಟೂಡೆಂಟ್ ಆಗಿ ಸೇರಿದ್ದಾಗ ಎರಡನೇ ವಾರಕ್ಕೇ ಅಸೈನ್‌ಮೆಂಟ್ ತಪ್ಪಿಸ್ದೆ, ಸೂಚನೆ ಎಲ್ಲಿ ಬರ್ದಿದ್ದಾರೆ ಅಂತಾನೇ ಸಿಕ್ಲಿಲ್ಲ. ನನ್ನ ಹುಡುಗ್ರು ಯಾಕೆ ಕೆಲಸ ಸಲ್ಲಿಸಲ್ಲ ಅನ್ನೋದು ಅವತ್ತು ಅರ್ಥ ಆಯ್ತು, ಅದನ್ನ ಯಾವ ವೆಬಿನಾರೂ ಹೇಳ್ಕೊಟ್ಟಿರ್ಲಿಲ್ಲ.

ಮತ್ತೆ ಎರಡೂ ಪೇಪರನ್ನ ಒಟ್ಟಿಗೇ ಬದಲಾಯಿಸೋಕೆ ಹೋಗ್ಬೇಡಿ. ಒಂದು ಲ್ಯಾಬ್ ತಗೊಳ್ಳಿ. ಉದಾಹರಣೆಗೆ ಭೂಕಂಪದ ಕೇಂದ್ರ ಹುಡುಕೋ ಲ್ಯಾಬ್, ಅದು ಆನ್‌ಲೈನಲ್ಲಿ ರೂಮಿಗಿಂತ ಚೆನ್ನಾಗಿ ನಡೆಯತ್ತೆ ಅಂದ್ರೆ ನಂಬ್ತೀರಾ? ಮೂರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಸ್ಟೇಷನ್ನಿನ ಸೈಸ್ಮೋಗ್ರಾಂ ಕೊಡಿ. ಭೂಕಂಪದ ವೇಗದ ಪಿ ಅಲೆ ಬಂದಮೇಲೆ ನಿಧಾನದ ಎಸ್ ಅಲೆ ಎಷ್ಟು ಸೆಕೆಂಡ್ ತಡವಾಗಿ ಬಂತು ಅಂತ ಅಳೀಲಿ. ಹತ್ತಿರದ ಭೂಕಂಪಕ್ಕೆ ಆ ತಡವನ್ನ ಸುಮಾರು 8ರಿಂದ ಗುಣಿಸಿದ್ರೆ ದೂರ ಕಿಲೋಮೀಟರಲ್ಲಿ ಬರತ್ತೆ, 30 ಸೆಕೆಂಡ್ ತಡ ಅಂದ್ರೆ ಹೆಚ್ಚುಕಮ್ಮಿ 240 ಕಿಮೀ. ಈಗ ಒಂದು ಗುಂಪಿನ ಹತ್ರ ಒಂದು ವೃತ್ತ ಮಾತ್ರ ಇದೆ, ಮಿಕ್ಕ ಎರಡು ವೃತ್ತ ಬೇರೆ ಗುಂಪುಗಳ ಹತ್ರ, ಮಾತಾಡದೇ ಉತ್ತರ ಸಿಗಲ್ಲ. ಮೂರು ವೃತ್ತ ಒಂದೇ ಬಿಂದುವಲ್ಲಿ ಸೇರದೇ ಸಣ್ಣ ತ್ರಿಕೋನ ಉಳ್ಕೊಂಡಾಗ ತಪ್ಪು ಯಾರದ್ದು ಅಂತ ಜಗಳ ಶುರು ಆಗತ್ತಲ್ಲ, ಪಾಠ ಇರೋದೇ ಅಲ್ಲಿ.

ಪ್ರಶ್ನೆ: ಖನಿಜ ಗುರುತಿಸೋ ಪ್ರಾಕ್ಟಿಕಲ್ ಹೇಗೆ ಮಾಡ್ಲಿ? ಫೋಟೋ ಹಾಕಿದ್ರೆ ಮಕ್ಳು ಮೊಬೈಲಲ್ಲಿ ಇಮೇಜ್ ಸರ್ಚ್ ಮಾಡಿ ಹತ್ತು ಸೆಕೆಂಡಲ್ಲಿ ಉತ್ತರ ಕಳಿಸ್ತಾರೆ.

ಮೇಡಂ, ಹೆಸರು ಕೇಳಿದ್ರೆ ಹೆಸರು ತಂದುಕೊಡ್ತಾರೆ, ತಪ್ಪೇನಿದೆ. ನೀವು ಕೇಳ್ಬೇಕಾಗಿರೋದು ಸಾಕ್ಷಿ.

ನಾನು ಮಾಡ್ತಿದ್ದದ್ದು ಹೇಳ್ತೀನಿ. ಕ್ಯಾಮೆರಾ ಮುಂದೆ ಒಂದು ಖನಿಜ ಇಟ್ಕೊಂಡು ಬಾಯಿ ಮುಚ್ಕೊಂಡು ಕೂರೋದು. ಅವರು ಏನು ಪರೀಕ್ಷೆ ಮಾಡಿ ಅಂತಾರೋ ಅದನ್ನ ಮಾತ್ರ ಮಾಡೋದು. ಗಾಜಿನ ಮೇಲೆ ಗೀಚಿ ಅಂದ್ರೆ ಗೀಚ್ತೀನಿ, ಒಂದರಿಂದ ಹತ್ತರವರೆಗಿನ ಮೋಸ್ ಅಳತೇಲಿ ಗಾಜಿನ ಗಡಸುತನ ಸುಮಾರು 5.5, ಕ್ವಾರ್ಟ್ಜ್ 7 ಇರೋದ್ರಿಂದ ಗೀರು ಬೀಳತ್ತೆ, ಕ್ಯಾಲ್ಸೈಟ್ 3, ಬೀಳಲ್ಲ. ಸ್ಟ್ರೀಕ್ (ಖನಿಜದ ಪುಡಿಯ ಬಣ್ಣ) ತೋರ್ಸಿ ಅಂದ್ರೆ ಬಿಳಿ ಪಿಂಗಾಣಿ ತುಂಡಿನ ಮೇಲೆ ಉಜ್ತೀನಿ. ಇಲ್ಲೊಂದು ಮಜಾ ಇದೆ, ಕಪ್ಪಗೆ ಫಳಫಳ ಅನ್ನೋ ಹೆಮಟೈಟ್ ಕೊಟ್ರೆ ಮಕ್ಳೆಲ್ಲಾ ಮ್ಯಾಗ್ನೆಟೈಟ್ ಅಂತಾರೆ, ಉಜ್ಜಿದ ತಕ್ಷಣ ಕೆಂಪು ಗೆರೆ ಬಂದು ಎಲ್ಲರ ಮುಖ ನೋಡ್ಬೇಕು. ಒಂದೊಂದು ಪರೀಕ್ಷೆಗೂ ಒಂದು ಅಂಕ ಕಮ್ಮಿ ಅಂತ ರೂಲ್ ಹಾಕಿ, ಆಗ ಯಾವ ಪರೀಕ್ಷೆ ಕೇಳಿದ್ರೆ ಬೇಗ ತೀರ್ಮಾನಕ್ಕೆ ಬರಬಹುದು ಅಂತ ಯೋಚ್ನೆ ಮಾಡ್ತಾರೆ. ಇಮೇಜ್ ಸರ್ಚು ಪೈರೈಟನ್ನ ಚಿನ್ನ ಅಂತ ತೋರ್ಸಿದ್ರೂ ತೋರ್ಸೀತು, ಪೈರೈಟ್ ಉಜ್ಜಿದ್ರೆ ಹಸಿರು ಕಪ್ಪು ಪುಡಿ, ಚಿನ್ನ ಉಜ್ಜಿದ್ರೆ ಹಳದಿ ಗೆರೆ, ಇದನ್ನ ಫೋನ್ ಮಾಡಿಕೊಡಲ್ಲ.

ಆಗೋದಾದ್ರೆ ಆರೇಳು ಸಣ್ಣ ತುಂಡು, ಒಂದು ಲೆನ್ಸ್, ಒಂದು ಪಿಂಗಾಣಿ ಚೂರು ಪೊಟ್ಟಣ ಕಟ್ಟಿ ಪೋಸ್ಟಲ್ಲಿ ಕಳಿಸಿ. ಆಸಿಡ್ ಮಾತ್ರ ಕಳಿಸ್ಬೇಡಿ. ಕ್ಯಾಲ್ಸೈಟ್ ಪುಡಿ ಮಾಡಿ ವಿನೆಗರ್ ಹಾಕಿದ್ರೂ ನಿಧಾನಕ್ಕೆ ಗುಳ್ಳೆ ಬರತ್ತೆ, ಅಷ್ಟು ಸಾಕು.

ಥಿನ್ ಸೆಕ್ಷನ್, ಅಂದ್ರೆ ಬೆಳಕು ಹಾಯೋಷ್ಟು ತೆಳ್ಳಗೆ ಉಜ್ಜಿದ ಕಲ್ಲಿನ ಚೂರು, ಅದರ ವಿಷ್ಯಕ್ಕೆ ಬಂದ್ರೆ ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯ ವರ್ಚುವಲ್ ಮೈಕ್ರೋಸ್ಕೋಪ್ ಇದೆ, ಪ್ಲೇನ್ ಪೋಲರೈಸ್ಡ್, ಕ್ರಾಸ್ಡ್ ಪೋಲರ್ ಅನ್ನೋ ಎರಡು ಥರದ ಬೆಳಕಲ್ಲೂ ನೋಡಬಹುದು, ಗುರುತು ಹಾಕಿರೋ ಕಡೆ ತಿರುಗಿಸಬಹುದು. ಅಪೊಲೊ ಯಾತ್ರಿಗಳು ಚಂದ್ರನಿಂದ ತಂದ ಕಲ್ಲುಗಳ ಸೆಕ್ಷನ್ನೂ ಇದೆ. ನಿಮ್ಮ ಲ್ಯಾಬಿನ ಯಾವ ಬೀರುವಲ್ಲೂ ಅದು ಇರಲ್ಲ ಅಲ್ವಾ.

ಪ್ರಶ್ನೆ: ಫೀಲ್ಡ್ ಟ್ರಿಪ್ ಇಲ್ದೆ ಜಿಯಾಲಜಿ ಅನ್ನೋದು ಸುಳ್ಳು. ವರ್ಚುವಲ್ ಫೀಲ್ಡ್ ಅಂತೆಲ್ಲಾ ಹೇಳೋದು ಕಣ್ಣೊರೆಸೋ ಆಟ ಅಲ್ವಾ? ಇಲ್ಲ ನಿಜವಾಗ್ಲೂ ಕಲಿಯೋ ವಿಧಾನ ಇದ್ಯಾ?

ಅರ್ಧ ನಿಮ್ಮ ಮಾತು ನಿಜ ಮೇಷ್ಟ್ರೇ. ಬಿಸಿಲಲ್ಲಿ ಬೆಟ್ಟ ಹತ್ತಿ, ಪದರದ ಮೇಲೆ ಬ್ರಂಟನ್ ದಿಕ್ಸೂಚಿ ಇಟ್ಟು ಡಿಪ್ (ಪದರ ವಾಲಿರೋ ಕೋನ) ತಗೊಳ್ಳೋವಾಗ ಕೈ ನಡುಗೋದು, ಅದು ಸ್ಕ್ರೀನಲ್ಲಿ ಬರಲ್ಲ, ಬರತ್ತೆ ಅಂತ ಹೇಳೋರನ್ನ ನಂಬ್ಬೇಡಿ.

ಮಿಕ್ಕರ್ಧಕ್ಕೆ 2020ರ ಕಥೆ ಹೇಳ್ತೀನಿ. ಆ ವರ್ಷ ಎಲ್ಲಾ ಫೀಲ್ಡ್ ಕ್ಯಾಂಪುಗಳು ಬಂದ್ ಆದಾಗ, ಈ ಎನ್‌ಎಜಿಟಿ ಸಂಘ, ಜೊತೆಗೆ ಅಂಗವೈಕಲ್ಯ ಇರೋ ವಿದ್ಯಾರ್ಥಿಗಳಿಗೂ ಭೂವಿಜ್ಞಾನ ಸಿಗ್ಬೇಕು ಅಂತ ದುಡಿಯೋ ಐಎಜಿಡಿ ಅನ್ನೋ ಸಂಸ್ಥೆ, ಎರಡೂ ಸೇರಿ ಫೀಲ್ಡ್ ಕ್ಯಾಂಪ್ ನಡೆಸೋ ಮೇಷ್ಟ್ರುಗಳನ್ನೆಲ್ಲಾ ಆನ್‌ಲೈನಲ್ಲಿ ಕೂಡಿಸಿದ್ವು. ಅವರು ಮೊದಲು ಕೇಳ್ಕೊಂಡ ಪ್ರಶ್ನೆ ಯಾವ ಸಾಫ್ಟ್‌ವೇರ್ ಅಂತಲ್ಲ, ಅಸಲಿಗೆ ಫೀಲ್ಡ್ ಕ್ಯಾಂಪ್ ಮುಗಿಸಿದ ಹುಡುಗ ಏನೇನು ಕಲಿತಿರ್ಬೇಕು ಅಂತ. ಕೂತು ಒಂಬತ್ತು ಕಲಿಕಾ ಗುರಿ ಬರೆದ್ರು. ಫೀಲ್ಡ್ ಕೆಲಸಕ್ಕೆ ತಾನೇ ಒಂದು ಪ್ಲಾನ್ ಮಾಡೋದು, ನಿಖರವಾಗಿ ಡೇಟಾ ಸಂಗ್ರಹಿಸೋದು, ಸಿಕ್ಕ ಸಾಕ್ಷಿ ಎಷ್ಟಿದೆಯೋ ಅಷ್ಟಕ್ಕೇ ಹೊಂದೋ ವಾದ ಕಟ್ಟೋದು, ಎಲ್ಲಿ ಖಚಿತ ಇಲ್ಲ ಅಂತ ಒಪ್ಕೊಳ್ಳೋದು, ಇಂಥವು. ಈ ಪಟ್ಟಿ ನೋಡಿದ್ರೆ ಸುಮಾರು ಕೆಲಸ ಬೆಟ್ಟ ಹತ್ತದೆಯೂ ಆಗತ್ತೆ ಅನ್ನೋದು ಗೊತ್ತಾಗತ್ತೆ. ಅದಾದ್ಮೇಲೆ ಒಬ್ಬೊಬ್ರು ಒಂದೊಂದು ಚಟುವಟಿಕೆ ಮಾಡಿ ಹಂಚ್ಕೊಂಡ್ರು, ಆ ಸಂಗ್ರಹ ಸರ್ಕ್‌ನಲ್ಲಿ ಈಗ್ಲೂ ಇದೆ. ನನ್ನ ಪ್ರಕಾರ ಆನ್‌ಲೈನ್ ಫೀಲ್ಡ್ ಕಲಿಸೋಕೆ ಹೊರಟವರು ಮೊದಲು ಓದ್ಬೇಕಾಗಿರೋದು ಅದನ್ನೇ.

ಬೆಟ್ಟ ಹತ್ತೋಕೆ ಆಗದ ಹುಡುಗ, ಗಾಲಿಕುರ್ಚಿಲಿ ಬರೋ ಹುಡುಗಿ, ಮನೆಲಿ ಮಗು ಬಿಟ್ಟು ಹತ್ತು ದಿನ ಕ್ಯಾಂಪಿಗೆ ಬರೋಕೆ ಆಗದ ತಾಯಿ, ಇವರೆಲ್ಲಾ ನಮ್ಮ ಫೀಲ್ಡ್ ಟ್ರಿಪ್ಪಿನ ಲೆಕ್ಕದಲ್ಲೇ ಇರ್ಲಿಲ್ಲ ಅನ್ನೋದನ್ನೂ ಸ್ವಲ್ಪ ನೆನಪಿಸ್ಕೊಳ್ಳಿ.

ಇನ್ನು ಮಾಡೋ ವಿಧಾನ. ನಾನು ಮಾಡಿದ ತಪ್ಪನ್ನ ಮೊದಲು ಹೇಳ್ಬಿಡ್ತೀನಿ. ಲಾವಾ ಕಂಬಗಳದ್ದು ಒಂದು ಒಳ್ಳೇ ಫೋಟೋ ಹಾಕಿ ವರ್ಣನೆ ಬರೀರಿ ಅಂದೆ. ಫೋಟೋದಲ್ಲಿ ಸ್ಕೇಲ್ ಇರ್ಲಿಲ್ಲ. ಒಬ್ಬಳು ಇವು ಪೆನ್ಸಿಲ್ ದಪ್ಪದ ಹರಳುಗಳು ಅಂತ ಬರೆದ್ಲು, ಪಾಪ ಅವಳ ತಪ್ಪೇನೂ ಇಲ್ಲ, ಅಲ್ಲಿ ನಿಂತಿದ್ದವನು ನಾನು, ಅವಳಲ್ಲ. ಅವತ್ತಿಂದ ಸುತ್ತಿಗೆನೋ ನಾಣ್ಯನೋ ಮನುಷ್ಯನೋ ಇಲ್ದೇ ಇರೋ ಫೋಟೋ ಮುಟ್ಟಲ್ಲ.

ದೂರದಿಂದ ಹತ್ತಿರಕ್ಕೆ ಬನ್ನಿ. ಮೊದಲು ಗೂಗಲ್ ಅರ್ಥಲ್ಲಿ ಮೇಲಿಂದ ನೋಡ್ಲಿ. ಅಮೆರಿಕದ ವಯೋಮಿಂಗಲ್ಲಿ ಶೀಪ್ ಮೌಂಟನ್ ಅಂತ ಇದೆ, ಪದರಗಳು ಮಡಚ್ಕೊಂಡು ಒಂದು ತುದಿಲಿ ಮೂಗಿನ ಥರ ಸುತ್ತಿ ಬರೋದು ಮೇಲಿಂದಾನೇ ಕಾಣತ್ತೆ, ವಾಲಿದ ಆಂಟಿಕ್ಲೈನ್ (ಕಮಾನಿನ ಥರ ಮೇಲಕ್ಕೆ ಬಾಗಿದ ಮಡಿಕೆ) ಅಂದ್ರೆ ಏನು ಅಂತ ಬೋರ್ಡ್ ಮೇಲೆ ಎಷ್ಟು ಗೀಚಿದ್ರೂ ಅರ್ಥ ಆಗದವರಿಗೆ ಅಲ್ಲಿ ಥಟ್ ಅಂತ ಹೊಳೆಯತ್ತೆ. ಪದರ ಯಾವ ಕಡೆ ವಾಲಿದೆ ಹೇಳಿ ಅಂತ ಕೇಳಿ, ಚಿತ್ರ ಬರೀಲಿ, ಕೈಯಲ್ಲೇ ಬರೀಲಿ, ಫೋಟೋ ತೆಗ್ದು ಕಳಿಸ್ಲಿ. ಆಮೇಲೆ ಬಂಡೆಯ ಹತ್ತಿರದ ಫೋಟೋ, ಆಮೇಲೆ ಕಲ್ಲಿನ ತುಂಡು, ಕೊನೆಗೆ ಥಿನ್ ಸೆಕ್ಷನ್. ಒಂದೊಂದು ಹಂತದಲ್ಲೂ ಮುಂದಿನದನ್ನ ತೋರ್ಸೋಕೆ ಮುಂಚೆ ಇಲ್ಲಿ ಏನು ನಡೆದಿರಬಹುದು ಅಂತ ಊಹೆ ಬರೆಸ್ಬೇಕು, ಮುಂದೆ ಹೋದಹಾಗೆ ಆ ಊಹೆನ ಅವರೇ ಹೊಡೆದುಹಾಕ್ಲಿ. ಭೂವಿಜ್ಞಾನಿ ಜೇಮ್ಸ್ ಹಟನ್ 1788ರಲ್ಲಿ ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟಿಗೆ ದೋಣಿಲಿ ಹೋಗಿ, ನೆಟ್ಟಗೆ ನಿಂತ ಪದರಗಳ ಮೇಲೆ ಓರೆಯಾಗಿ ಮಲಗಿದ ಕೆಂಪು ಮರಳುಗಲ್ಲು ನೋಡಿ ಕಾಲ ಎಷ್ಟು ಆಳ ಅಂತ ಕಂಡ್ಕೊಂಡ ಜಾಗ ಇದ್ಯಲ್ಲ, ಅದನ್ನ ಈ ಥರ ತೋರಿಸಿ. ಉತ್ತರ ಮೊದಲೇ ಹೇಳಿದ್ರೆ ಅದು ಪ್ರವಾಸದ ಸ್ಲೈಡ್ ಶೋ.

ಬದಲಾವಣೆ ತೋರ್ಸೋದಕ್ಕಂತೂ ಫೀಲ್ಡಿಗಿಂತ ಸ್ಕ್ರೀನೇ ವಾಸಿ. ಗೂಗಲ್ ಅರ್ಥಲ್ಲಿ 1984ರಿಂದ ಶುರುವಾಗೋ ಟೈಮ್‌ಲ್ಯಾಪ್ಸ್ ಇದೆ, ಅಲಾಸ್ಕದ ಕೊಲಂಬಿಯಾ ಹಿಮನದಿ ಹಿಂದಕ್ಕೆ ಸರಿಯೋದು, ಆರಲ್ ಸಮುದ್ರ ಒಣಗೋದು, ಎಲ್ಲಾ ಕಣ್ಣೆದುರೇ ನಡೆಯತ್ತೆ. ಇನ್ನೂ ಆಳಕ್ಕೆ ಹೋಗೋರಿಗೆ ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಉಚಿತ, ಯುರೋಪಿನ ಸೆಂಟಿನೆಲ್-2 ಚಿತ್ರಗಳೂ ಉಚಿತ, 10 ಮೀಟರ್ ಸ್ಪಷ್ಟತೆ.

ಪ್ರಶ್ನೆ: ನಾನು ಹೈಸ್ಕೂಲ್ ಸೈನ್ಸ್ ಟೀಚರ್. ಜಿಯಾಲಜಿ ಓದಿಲ್ಲ, ಆದ್ರೂ ಭೂಮಿ ಬಗ್ಗೆ ಇರೋ ಪಾಠ ನಾನೇ ಆನ್‌ಲೈನಲ್ಲಿ ಮಾಡ್ಬೇಕು. ದುಡ್ಡೂ ಇಲ್ಲ, ಟೈಮೂ ಇಲ್ಲ.

ಹಾಗಾದ್ರೆ ಸರ್ಕ್‌ನ ದೊಡ್ಡ ವರ್ಕ್‌ಶಾಪ್ ನಿಮಗೆ ಈಗ್ಲೇ ಬೇಡ ಮೇಡಂ. ಅರ್ಥ್‌ಲರ್ನಿಂಗ್‌ಐಡಿಯಾ ಅಂತ ಇದೆ, 2008ರ ಅಂತಾರಾಷ್ಟ್ರೀಯ ಭೂಗ್ರಹ ವರ್ಷದ ನೆಪದಲ್ಲಿ ಬ್ರಿಟನ್ನಿನ ಮೇಷ್ಟ್ರುಗಳು ಶುರು ಮಾಡಿದ್ದು. ಎರಡು ಮೂರು ಪುಟದ ಚಟುವಟಿಕೆಗಳು, ಪೂರ್ತಿ ಉಚಿತ, ಬೇಕಾಗೋ ಸಾಮಾನು ಮನೇಲೇ ಸಿಗೋಂಥದ್ದು, ಹಾಗಾಗಿ ಮಕ್ಳೂ ಆ ಕಡೆ ಅವರ ಮನೇಲಿ ಮಾಡಬಹುದು. ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆ) ಪಾಠಕ್ಕೆ ಟಬ್ಬಲ್ಲಿ ಜೇಡಿಮಣ್ಣಿನ ಗುಡ್ಡ ಮಾಡಿ, ಒಂದೊಂದು ಸೆಂಟಿಮೀಟರ್ ನೀರು ಏರಿಸ್ತಾ ನೀರಿನ ಅಂಚಿಗೆ ಗೆರೆ ಎಳ್ಕೊಂಡು ಮೇಲಿಂದ ಮೊಬೈಲಲ್ಲಿ ಫೋಟೋ ತೆಗೆದ್ರೆ ಮುಗೀತು, ಆ ಫೋಟೋನೇ ಕಾಂಟೂರ್ ಮ್ಯಾಪ್.

ಯುರೋಪಿನ ಭೂವಿಜ್ಞಾನಿಗಳ ಒಕ್ಕೂಟ ಇಜಿಯು 2003ರಿಂದ ಗಿಫ್ಟ್ ಅಂತ ಸ್ಕೂಲ್ ಟೀಚರುಗಳಿಗೇ ವರ್ಕ್‌ಶಾಪ್ ಮಾಡತ್ತೆ, ವಿಜ್ಞಾನಿಗಳೇ ಬಂದು ಮಾತಾಡ್ತಾರೆ. ಮತ್ತೆ ಗ್ಲೋಬ್ ಕಾರ್ಯಕ್ರಮ, 1995ರಿಂದ ನಡೀತಿದೆ, ಬಹಳ ದೇಶಗಳ ಶಾಲೆಗಳಿವೆ. ಮೋಡ, ಮಣ್ಣು, ನೀರು ಅಳೆಯೋ ವಿಧಾನಕ್ಕೆ ಟೀಚರುಗಳಿಗೆ ಆನ್‌ಲೈನ್ ಟ್ರೈನಿಂಗ್ ಇದೆ, ನಿಮ್ಮ ಬಿಡುವು ನೋಡ್ಕೊಂಡು ಮುಗಿಸಬಹುದು, ಆಮೇಲೆ ಮಕ್ಳು ಅಳೆದದ್ದು ನಿಜವಾದ ಡೇಟಾ ಆಗಿ ಸೇರತ್ತೆ. ಈ ಮೂರರಲ್ಲಿ ಒಂದೇ ಹಿಡೀರಿ ಅಂದ್ರೆ ನಾನು ಮೊದಲನೇದನ್ನೇ ಹೇಳ್ತೀನಿ, ವಾರಕ್ಕೆ ಒಂದು ಚಟುವಟಿಕೆ, ಅಷ್ಟೇ.

ಪ್ರಶ್ನೆ: ಎಲ್ಲರೂ ಕ್ಯಾಮೆರಾ ಆಫ್. ಪ್ರಶ್ನೆ ಕೇಳಿದ್ರೆ ಸ್ಮಶಾನ ಮೌನ. ಬಾವಿಗೆ ಮಾತಾಡ್ದಂಗೆ ಆಗತ್ತೆ.

ಕ್ಯಾಮೆರಾ ಆನ್ ಮಾಡಿ ಅಂತ ಗದರಿಸ್ಬೇಡಿ, ಡೇಟಾ ಖಾಲಿ ಆಗಿರತ್ತೆ, ಹಿಂದೆ ಮನೆ ಕಾಣ್ಸತ್ತೆ ಅಂತ ನಾಚಿಕೆ ಇರತ್ತೆ. ಗ್ಯಾರಿಸನ್, ಆಂಡರ್ಸನ್, ಆರ್ಚರ್ ಅಂತ ಮೂವರು 2000ದಲ್ಲಿ ಬರೆದ ಒಂದು ಚೌಕಟ್ಟು ಇದೆ, ಆನ್‌ಲೈನ್ ಕ್ಲಾಸಲ್ಲಿ ಮೂರು ಥರದ ಹಾಜರಿ ಇರ್ಬೇಕು ಅಂತ: ಮೇಷ್ಟ್ರ ಹಾಜರಿ, ಒಬ್ರಿಗೊಬ್ರ ಹಾಜರಿ, ಯೋಚನೆಯ ಹಾಜರಿ. ಮುಖ ಕಾಣೋದು ಅದರಲ್ಲಿ ಎಲ್ಲೂ ಇಲ್ಲ ನೋಡಿ. ಒಂದು ಬಂಡೆ ಫೋಟೋ ಹಾಕಿ, ಯಾವ ಪದರ ಹಳೇದು ಅಂತ ಎಲ್ಲರೂ ಚಾಟಲ್ಲಿ ಟೈಪ್ ಮಾಡ್ಲಿ ಆದ್ರೆ ನೀವು ಹೇಳೋ ತನಕ ಎಂಟರ್ ಒತ್ತೋ ಹಾಗಿಲ್ಲ ಅನ್ನಿ. ಮೂರು ಎಣಿಸಿ ಒತ್ತಿಸಿ. ನಲವತ್ತು ಉತ್ತರ ಒಟ್ಟಿಗೆ ಬೀಳತ್ತೆ, ಅರ್ಧ ಜನ ತಪ್ಪು ಬರೆದಿರ್ತಾರೆ, ಆಮೇಲೆ ನೋಡಿ ಮೌನ ಎಲ್ಲಿರತ್ತೆ ಅಂತ.

ಪ್ರಶ್ನೆ: ಇದೆಲ್ಲಾ ಕಲಿತ್ರೂ ನಮ್ಮ ಮುಖ್ಯಸ್ಥರು ಸರ್ಟಿಫಿಕೇಟ್ ಎಲ್ಲಿ ಅಂತಾರೆ.

ಕೇಳ್ಲಿ ಬಿಡಿ, ಅವರಿಗೂ ಫೈಲ್ ತುಂಬಬೇಕಲ್ಲ. ವರ್ಷಕ್ಕೊಂದು ಸರ್ಟಿಫಿಕೇಟ್ ಕೋರ್ಸ್ ಮಾಡಿ ಕೊಟ್ಬಿಡಿ. ಅದ್ರ ಜೊತೆ ಎರಡೇ ಪುಟದ ಒಂದು ಫೈಲ್ ಇಟ್ಕೊಳ್ಳಿ, ಹೋದ ವರ್ಷ ಈ ಲ್ಯಾಬ್ ಹೀಗಿತ್ತು, ಮಕ್ಳು ಇಲ್ಲಿ ಎಡವಿದ್ರು, ಈ ವರ್ಷ ಹೀಗೆ ಬದಲಾಯಿಸ್ದೆ, ಅವರು ಬರೆದ ಉತ್ತರ ಹೀಗೆ ಬದಲಾಯ್ತು ಅಂತ. ಅದು ಚೆನ್ನಾಗಿ ಬಂದ್ರೆ ಮೇಲೆ ಹೇಳಿದ ಸರ್ಕ್ ಥರದ ಸಂಗ್ರಹಗಳಿಗೆ ನೀವೇ ಕಳಿಸಬಹುದು, ಅಲ್ಲಿ ಬೇರೆ ಮೇಷ್ಟ್ರುಗಳು ಓದಿ ತಿದ್ದೋದು ಇನ್ನೊಂದು ಟ್ರೈನಿಂಗ್.

ಪ್ರಶ್ನೆ: ಎರಡು ವರ್ಷದಲ್ಲಿ ರಿಟೈರ್ ಆಗ್ತೀನಿ. ಈ ವಯಸ್ಸಲ್ಲಿ ಇದನ್ನೆಲ್ಲಾ ಕಲಿಯೋದು ಬೇಕಾ? ಹತ್ರ ಇರೋದು ಮೂವತ್ತು ವರ್ಷ ಕೂಡಿಸಿದ ನಾನೂರು ಕಲ್ಲು, ಒಂದು ಡಬ್ಬಿ ಸ್ಲೈಡು.

ಸರ್, ನಿಮ್ಮ ಹತ್ರ ಇರೋದು ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಬೇರೆ ಯಾರ ಹತ್ರಾನೂ ಇಲ್ಲ. ನೀವು ಕಲೀಬೇಕಾಗಿರೋದು ಒಂದೇ, ಕಲ್ಲಿನ 3ಡಿ ಮಾಡೆಲ್ ಮಾಡೋದು. ಫೋಟೋಗ್ರಾಮೆಟ್ರಿ ಅಂತಾರೆ, ಹೆಸರು ಉದ್ದ, ಕೆಲಸ ಸುಲಭ. ಕಲ್ಲನ್ನ ತಿರುಗೋ ಪೀಠದ ಮೇಲಿಟ್ಟು, ನೆರಳು ಬೀಳದ ಬೆಳಕಲ್ಲಿ, ಸುತ್ತಲೂ ಐವತ್ತರಿಂದ ನೂರು ಫೋಟೋ, ಒಂದು ಫೋಟೋದ ಮುಕ್ಕಾಲು ಭಾಗ ಮುಂದಿನದರಲ್ಲೂ ಬರೋ ಹಾಗೆ ತೆಗೀಬೇಕು, ಮಿಕ್ಕಿದ್ದು ಸಾಫ್ಟ್‌ವೇರ್ ಜೋಡಿಸ್ಕೊಳ್ಳತ್ತೆ. ಫಳಫಳ ಹೊಳೆಯೋ ಖನಿಜ, ಪಾರದರ್ಶಕ ಹರಳು ಸರಿಯಾಗಿ ಬರಲ್ಲ, ಅವನ್ನ ವಿಡಿಯೋ ಮಾಡಿ. ಸ್ಲೈಡುಗಳು ಥಿನ್ ಸೆಕ್ಷನ್ ಆಗಿದ್ರೆ ಮೈಕ್ರೋಸ್ಕೋಪಿನ ಸ್ಟೇಜ್‌ನ ಹತ್ತು ಹತ್ತು ಡಿಗ್ರಿ ತಿರುಗಿಸ್ತಾ ಐಪೀಸ್‌ಗೆ ಮೊಬೈಲ್ ಹಿಡಿದು ಫೋಟೋ ತೆಗೆದ್ರೆ ಸಾಕು. ಒಬ್ಬ ಚುರುಕು ಹುಡುಗನನ್ನ ಜೊತೆಗೆ ಹಾಕ್ಕೊಳ್ಳಿ, ಕ್ಯಾಮೆರಾ ಅವನಿಗೆ ಬಿಡಿ.

ಆದ್ರೆ ಫೋಟೋ ಶುರು ಮಾಡೋಕೆ ಮುಂಚೆ ನಾನೂರು ಕಲ್ಲಿಗೂ ಚೀಟಿ ಬರೀರಿ, ಎಲ್ಲಿ ಸಿಕ್ತು, ಯಾವ ವರ್ಷ, ಯಾವ ಪದರದಿಂದ, ಕಿತ್ತದ್ದಾ ಇಲ್ಲಾ ಬಿದ್ದಿದ್ದಾ ಅಂತ. ಅದು ನಿಮ್ಮ ತಲೇಲಿ ಮಾತ್ರ ಇದೆ, ಫೋಟೋನ ಆಮೇಲೆ ಯಾರು ಬೇಕಾದ್ರೂ ತೆಗೀತಾರೆ.